ಗರಡಿ, ಮೈದಾನ ಮತ್ತು ಕೇಸು ಬಿದ್ದ ಹುಡುಗರು

ಶಿವಮೊಗ್ಗದಲ್ಲಿ ಗಲಾಟೆ ಆದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ಹುಡುಗರನ್ನ ಆಟಕ್ಕೆ ಹಚ್ಚಿ, ತಾವಾಗೇ ಸರಿಹೋಗ್ತಾರೆ.’ 2022ರ ಫೆಬ್ರುವರಿಯಲ್ಲಿ ಕಲ್ಲು ತೂರಾಟ ನಡೆದು, ನಿಷೇಧಾಜ್ಞೆ ಬಿದ್ದು, ಶಾಲೆ-ಕಾಲೇಜು ಮುಚ್ಚಿದ ದಿನಗಳನ್ನು ಊರಿನವರು ಮರೆತಿಲ್ಲ. ಗಾಂಜಾ ಕೇಸುಗಳ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ಒಂದು ಕ್ರಿಕೆಟ್ ಅಥವಾ ವಾಲಿಬಾಲ್ ಟೂರ್ನಮೆಂಟ್ ಮಾಡೋಣ ಎನ್ನುವವರು ಸಿಗುತ್ತಾರೆ. ಅವರ ಆಸೆ ಒಳ್ಳೆಯದೇ. ಆದರೆ ಎರಡು ದಿನದ ಟೂರ್ನಮೆಂಟ್ ಮುಗಿದ ಮೂರನೇ ದಿನ ಆ ಹುಡುಗ ಸಂಜೆ ಎಲ್ಲಿರುತ್ತಾನೆ? ಈ ಪ್ರಶ್ನೆಗೆ ನಮ್ಮೂರಿನ ಹಳಬರ ಬಳಿ ಒಂದು ಉತ್ತರ ಇತ್ತು.

ಅದು ಗರಡಿ ಮನೆ. ಕೋಟೆ ಮಾರಿಕಾಂಬಾ ಜಾತ್ರೆ ಬಂದರೆ ಇವತ್ತಿಗೂ ಕುಸ್ತಿ ಇರುತ್ತದೆ, ಜನ ಮುಗಿಬಿದ್ದು ನೋಡುತ್ತಾರೆ. ಜಾತ್ರೆಯ ಕುಸ್ತಿ ಒಂದೆರಡು ದಿನದ್ದು. ಗರಡಿಯ ಸಾಮು ಮಾತ್ರ ವರ್ಷವಿಡೀ. ಬೆಳಗಿನ ಜಾವ ಬಾಗಿಲು ತೆರೆಯುತ್ತದೆ. ತಗ್ಗು ಬಾಗಿಲು, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಗೋಡೆಗೆ ಆಂಜನೇಯ. ಮೂಲೆಯಲ್ಲಿ ಲೋಡು, ಗದೆ. ನಡುವೆ ಜರಡಿ ಹಿಡಿದ ಕೆಮ್ಮಣ್ಣು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿರುತ್ತಾರೆ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನವೇ ಪಟ್ಟು ಹೇಳಿಕೊಡುವುದಿಲ್ಲ. ಗುದ್ದಲಿ ಕೊಟ್ಟು ಮಣ್ಣು ಅಗೆಸುತ್ತಾರೆ. ಆಮೇಲೆ ದಂಡ, ಬಸ್ಕಿ. ಪಟ್ಟು ಕಲಿಯುವ ಹೊತ್ತಿಗೆ ಅವನ ಸೊಕ್ಕು ಅರ್ಧ ಇಳಿದಿರುತ್ತದೆ. ಬೀಡಿ, ಹೆಂಡ ಮುಟ್ಟುವಂತಿಲ್ಲ. ಒಂದು ದಿನ ತಪ್ಪಿಸಿಕೊಂಡರೆ ವಸ್ತಾದರು, ಅಂದರೆ ಗರಡಿಯ ಗುರುಗಳು, ಬಿಡುತ್ತಿರಲಿಲ್ಲ: ‘ಏನೋ, ನಿನ್ನೆ ಯಾಕೋ ಬರ್ಲಿಲ್ಲ?’

ನನಗೆ ಇಡೀ ವಿಷಯದಲ್ಲಿ ಮುಖ್ಯ ಅನಿಸುವುದು ಈ ಪ್ರಶ್ನೆ. ಬರದೇ ಇದ್ದದ್ದನ್ನು ಗಮನಿಸುವ ಒಬ್ಬ ದೊಡ್ಡವರು ಇದ್ದರು. ಅಪ್ಪನಿಗೆ ಹೆದರದ ಹುಡುಗನೂ ವಸ್ತಾದರಿಗೆ ಉತ್ತರ ಕೊಡಬೇಕಿತ್ತು. ಹಳೇ ಮೈಸೂರು ಸೀಮೆಯ ಗರಡಿಗಳಲ್ಲಿ ಹಿಂದೂ, ಮುಸ್ಲಿಂ ಪೈಲ್ವಾನರು ಒಂದೇ ಮಣ್ಣಿನಲ್ಲಿ ಹೊರಳಿದವರು. ಇನ್ನೊಂದು ಅನುಕೂಲವೂ ಇತ್ತು. ಗರಡಿಗೆ ಸೂರು ಇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಶಿವಮೊಗ್ಗ ನಗರದಲ್ಲಿ ಅಷ್ಟಿಲ್ಲ, ಆದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬಯಲು ಮೈದಾನವನ್ನು ನಂಬಿ ಕೂರುವ ಹಾಗಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯಂತೂ ಕೇಳುವುದೇ ಬೇಡ. ವರ್ಷದಲ್ಲಿ ನಾಲ್ಕು ತಿಂಗಳು ನಿಲ್ಲುವ ತರಬೇತಿಗೆ ಹುಡುಗರು ಮತ್ತೆ ಬರುತ್ತಾರೆ ಎನ್ನುವ ಗ್ಯಾರಂಟಿ ಏನು?

ಗರಡಿಯನ್ನು ಸುಮ್ನೆ ಹೊಗಳುವುದೂ ಸರಿಯಲ್ಲ. ಅಲ್ಲಿ ಬೆಳೆದ ತೋಳುಗಳನ್ನು ಚುನಾವಣೆಗೆ, ಜಾಗ ಬಿಡಿಸುವುದಕ್ಕೆ, ಸಾಲ ವಸೂಲಿಗೆ ಬಳಸಿಕೊಂಡವರು ಎಲ್ಲ ಊರಲ್ಲೂ ಇದ್ದರು. ಮೈಯಲ್ಲಿ ಬಲ ಬಂದು ಕೈಗೆ ಕೆಲಸ ಬರದಿದ್ದರೆ ಆ ಬಲವನ್ನು ಬಾಡಿಗೆಗೆ ಕೇಳುವವರು ಬಂದೇ ಬರುತ್ತಾರೆ. ಇವತ್ತಿನ ಜಿಮ್‌ಗಳಿಗೂ ಈ ಮಾತು ಅನ್ವಯಿಸುತ್ತದೆ.

ಕೆಲಸದ ಮಾತು ಬಂದರೆ ಪಕ್ಕದ ಭದ್ರಾವತಿಗೆ ಹೋಗಬೇಕು. ಅಲ್ಲಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಮೈಸೂರು ಕಾಗದ ಕಾರ್ಖಾನೆ ಹುಟ್ಟಿದ್ದು 1936ರಲ್ಲಿ. ಕಾರ್ಖಾನೆಯ ಜೊತೆ ಕ್ವಾರ್ಟರ್ಸ್ ಬಂತು, ಶಾಲೆ ಬಂತು, ಮೈದಾನ ಬಂತು. ಶಿಫ್ಟ್ ಮುಗಿಸಿದ ದೊಡ್ಡವರು ಆಡುವ ಜಾಗದಲ್ಲೇ ಚಿಕ್ಕವರೂ ಆಡಿ ಕಲಿಯುತ್ತಿದ್ದರು. ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಆದರೆ ನಾನು ಹೇಳಲು ಹೊರಟಿದ್ದು ಸ್ಟಾರ್‌ಗಳ ಕಥೆ ಅಲ್ಲ. ಚೆನ್ನಾಗಿ ಆಡಿದರೆ, ಇಲ್ಲವೇ ಐಟಿಐ ಮುಗಿಸಿದರೆ, ಒಳಗೆ ಒಂದು ಕೆಲಸ ಸಿಗಬಹುದು ಎನ್ನುವ ನಂಬಿಕೆ ಬೀದಿ ಬೀದಿಯಲ್ಲಿತ್ತು. ಆ ನಂಬಿಕೆಯೇ ಹುಡುಗನನ್ನು ಅರ್ಧ ಕಾಯುತ್ತಿತ್ತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ಮಾತು 2023ರಲ್ಲಿ ಬಂದು ಕಾರ್ಮಿಕರು ಬೀದಿಗಿಳಿದರು. ಮೈದಾನಗಳು ಅಲ್ಲೇ ಇವೆ. ಮೈದಾನದಿಂದ ಕೆಲಸಕ್ಕೆ ಹೋಗುವ ದಾರಿ ಮುಚ್ಚಿಹೋಯಿತು.

ಕಾನೂನು ಇಂಥ ಹುಡುಗರನ್ನು ನೋಡುವ ರೀತಿಯೂ ನಿಧಾನಕ್ಕೆ ಬದಲಾಗಿದೆ. ಬ್ರಿಟಿಷರು 1876ರಲ್ಲಿ ಸುಧಾರಣಾ ಶಾಲೆಗಳ ಕಾಯ್ದೆ ತಂದರು. ಹುಡುಗನನ್ನು ಜೈಲಿನ ಬದಲು ಅಲ್ಲಿ ಇಟ್ಟು ಕಸುಬು ಕಲಿಸುವುದು ಅದರ ಲೆಕ್ಕ. ನಮ್ಮ ರಾಜ್ಯಕ್ಕೆ 1964ರಲ್ಲಿ ಮಕ್ಕಳ ಕಾಯ್ದೆ ಬಂತು. ಜಮ್ಮು-ಕಾಶ್ಮೀರ ಬಿಟ್ಟು ಇಡೀ ದೇಶಕ್ಕೆ ಒಂದೇ ಬಾಲನ್ಯಾಯ ಕಾಯ್ದೆ ಆದದ್ದು 1986ರಲ್ಲಿ, ಆಮೇಲೆ 2000ದಲ್ಲಿ ಹೊಸದು, ಈಗ ನಡೆಯುತ್ತಿರುವುದು 2015ರದ್ದು. ಇದರ ಪ್ರಕಾರ 18 ತುಂಬದವರನ್ನು ಪೊಲೀಸ್ ಲಾಕಪ್‌ಗೆ ಹಾಕುವಂತಿಲ್ಲ. ಇಂಥ ಮಕ್ಕಳ ಕೇಸು ನಡೆಸುವ ಬಾಲನ್ಯಾಯ ಮಂಡಳಿ ಹುಡುಗನನ್ನು ಆಪ್ತಸಮಾಲೋಚನೆಗೆ ಕಳಿಸಬಹುದು, ಸಮುದಾಯ ಸೇವೆಗೆ ಹಚ್ಚಬಹುದು. ಮಕ್ಕಳನ್ನು ಇಡುವ ಸಂಸ್ಥೆಗಳು ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ಊಟ, ಬಟ್ಟೆ, ಓದಿನ ಜೊತೆ ಆಟವೂ ಇದೆ. ಅಂದರೆ ಕಾನೂನಿನ ಕಣ್ಣಲ್ಲಿ ಆಟ ಅನ್ನೋದು ಹುಡುಗನ ಪುನರ್ವಸತಿಯ ಒಂದು ಭಾಗ. ತೊಂದರೆ ಬರುವುದು ಅವನು ಹೊರಗೆ ಬಂದ ಮೇಲೆ. ವಿಚಾರಣೆ ಮುಗಿಯುವ ತನಕ ಮಕ್ಕಳನ್ನು ಇಡುವ ವೀಕ್ಷಣಾಲಯದಲ್ಲಿ ಕೇರಂ, ವಾಲಿಬಾಲ್ ಆಡಿದ ಹುಡುಗ ಮನೆಗೆ ಬಂದಾಗ ಅವನಿಗಾಗಿ ಕಾಯುವವರು ಹಳೇ ಗೆಳೆಯರು ಮಾತ್ರ.

ಬೇರೆ ಊರುಗಳ ಅನುಭವವೂ ಇದೇ ಕಡೆ ಕೈ ತೋರಿಸುತ್ತದೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1986ರಲ್ಲಿ ಮಧ್ಯರಾತ್ರಿ ಬ್ಯಾಸ್ಕೆಟ್‌ಬಾಲ್ ಶುರುವಾಯಿತು. ಅಪರಾಧ ಜಾಸ್ತಿ ನಡೆಯುವ ಹೊತ್ತಲ್ಲೇ, ರಾತ್ರಿ 10ರಿಂದ 2ರ ತನಕ ಆಟ. ಇದೇ ಮಾದರಿಯ ಷಿಕಾಗೊ ತಂಡಗಳಲ್ಲಿ ಆಡಬೇಕಾದರೆ ಕೆಲಸ, ಓದಿನ ಬಗ್ಗೆ ನಡೆಯುವ ತರಗತಿಗೂ ಕೂರಬೇಕಿತ್ತು. 1994ರ ಹೊತ್ತಿಗೆ ಅಲ್ಲಿನ ರಾಜಕಾರಣಿಗಳು ಇದನ್ನು ದುಡ್ಡು ದಂಡ ಎಂದು ಗೇಲಿ ಮಾಡಿದರು. ಆಟದಿಂದಲೇ ಅಪರಾಧ ಇಳಿಯಿತು ಎಂದು ಗಟ್ಟಿಯಾಗಿ ಹೇಳುವುದು ಸಂಶೋಧಕರಿಗೂ ಕಷ್ಟವಾಯಿತು.

ಬ್ರೆಜಿಲ್‌ನ ರಿಯೋದಲ್ಲಿ, ಡ್ರಗ್ಸ್ ಗ್ಯಾಂಗುಗಳ ಹಿಡಿತದಲ್ಲಿದ್ದ ಮಾರೆ ಕೊಳೆಗೇರಿಯಲ್ಲಿ, 2000ದಲ್ಲಿ ಒಂದು ಬಾಕ್ಸಿಂಗ್ ಶಾಲೆ ತೆರೆಯಿತು. ಲ್ಯೂಕ್ ಡೌಡ್ನಿ ಕಟ್ಟಿದ ‘ಫೈಟ್ ಫಾರ್ ಪೀಸ್’ ಅದು. ಬಾಕ್ಸಿಂಗ್ ನೋಡಿ ಹುಡುಗರು ಬಂದರು. ಅವರು ಉಳಿಯುವ ಹಾಗೆ ಜೊತೆಗೆ ಓದು, ಉದ್ಯೋಗ ತರಬೇತಿ, ಕಷ್ಟ ಕೇಳುವವರನ್ನೂ ಸೇರಿಸಿದರು.

ಐಸ್‌ಲ್ಯಾಂಡಿನ ಲೆಕ್ಕ ಎಲ್ಲಕ್ಕಿಂತ ಸ್ಪಷ್ಟ, ಆದರೆ ಅದು ಕುಡಿತ-ಸಿಗರೇಟಿನದ್ದು. 1998ರಲ್ಲಿ ಅಲ್ಲಿನ 15-16ರ ಮಕ್ಕಳಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾಗಿದ್ದವರು ಶೇ 42. 2016ಕ್ಕೆ ಅದು ಶೇ 5ಕ್ಕೆ ಇಳಿಯಿತು. ಕ್ಲಬ್ಬಿನ ಫೀಸಿಗೆ ನಗರಸಭೆ ದುಡ್ಡು ಕೊಟ್ಟಿತು. ತಂದೆತಾಯಂದಿರು ರಾತ್ರಿ ಬೀದಿ ಸುತ್ತಿ ಮಕ್ಕಳನ್ನು ಮನೆಗೆ ಕಳಿಸಿದರು. ವರ್ಷಗಟ್ಟಲೆ ಬಿಡದೆ ಮಾಡಿದರು. ಟೂರ್ನಮೆಂಟ್ ಮಾಡಿ ಕೈತೊಳೆದುಕೊಳ್ಳಲಿಲ್ಲ.

ನಮ್ಮಲ್ಲಿ ಏನಿದೆ? ಕ್ರೀಡಾ ಇಲಾಖೆಯ ವಸತಿನಿಲಯಗಳಿವೆ. ಅಲ್ಲಿಗೆ ಆಯ್ಕೆಯಾಗುವುದು ಎತ್ತರ, ವೇಗ, ಪ್ರತಿಭೆ ನೋಡಿ. ಅದರಲ್ಲಿ ತಪ್ಪಿಲ್ಲ, ಪದಕಕ್ಕೆ ಅದು ಬೇಕು. ಆದರೆ ಶಾಲೆ ಬಿಟ್ಟು, ಅಡಿಕೆ ಸೀಸನ್‌ನಲ್ಲಿ ಕೂಲಿಗೆ ಹೋಗಿ, ಉಳಿದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಕಾಲ ಕಳೆಯುವ ಹುಡುಗ ಅಷ್ಟೇನೂ ಚೆನ್ನಾಗಿ ಆಡದೇ ಇರಬಹುದು. ಆಟ ಅವನಿಗೇ ಹೆಚ್ಚು ಬೇಕು. ಸರ್ಕಾರಿ ಶಾಲೆಯ ಮೈದಾನಕ್ಕೆ ಸಂಜೆ ಬೀಗ ಬೀಳುತ್ತದೆ. ಪಿಟಿ ಮೇಷ್ಟ್ರು ಇಲ್ಲದ ಶಾಲೆಗಳು ಎಷ್ಟೋ. ಹುಡುಗಿಯರಿಗಂತೂ ಸಂಜೆಯ ಮೈದಾನವೇ ಇಲ್ಲ. ಹೊಸ ಸ್ಟೇಡಿಯಂ ಕಟ್ಟುವ ಮೊದಲು ವಾರ್ಡಿಗೊಂದು ಸೂರಿರುವ ಜಾಗ, ಸಂಜೆ 5ರಿಂದ 8ರ ತನಕ ಅಲ್ಲೇ ಇರುವ ಒಬ್ಬ ಸಂಬಳದ ಕೋಚ್ ಸಿಕ್ಕರೆ ಕೆಲಸ ಶುರುವಾಗುತ್ತದೆ ಎಂದು ನಾನು ನಂಬಿದ್ದೇನೆ. ಹಾಜರಿ ಪುಸ್ತಕ ಇಡುವ, ಬರದ ಹುಡುಗನ ಮನೆಗೆ ಹೋಗುವ ಕೋಚ್ ಆಗಿರಬೇಕು.

ಗುರಿ ಇಟ್ಟುಕೊಂಡು ಓಡುವ ಹುಡುಗರು ಈಗಲೂ ಇದ್ದಾರೆ. ಬೆಳಿಗ್ಗೆ ಮೈದಾನಕ್ಕೆ ಹೋದರೆ ಪೊಲೀಸ್ ಕಾನ್ಸ್‌ಟೆಬಲ್ ಪರೀಕ್ಷೆಗೆ ತಯಾರಾಗುವವರು ಕಾಣುತ್ತಾರೆ. ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, 7.26 ಕೆ.ಜಿ. ಗುಂಡನ್ನು 5.60 ಮೀಟರ್ ಎಸೆಯಬೇಕು. ದಿನಾ ಬರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಆದರೆ 16ರ ವಯಸ್ಸಿನಲ್ಲಿ ಒಂದು ಹೊಡೆದಾಟದ ಕೇಸಿಗೆ ಸಿಕ್ಕ ಹುಡುಗ ಈ ಸಾಲಿಗೆ ಬರುವುದೇ ಇಲ್ಲ. ‘ಕೇಸ್ ಆಯ್ತಲ್ಲ, ಇನ್ನೇನು ಸರ್ಕಾರಿ ಕೆಲಸ’ ಎಂದು ಮನೆಯವರೇ ಕೈಬಿಟ್ಟಿರುತ್ತಾರೆ. ಬಾಲನ್ಯಾಯ ಕಾಯ್ದೆಯ 24ನೇ ಕಲಂ ಬೇರೆಯೇ ಹೇಳುತ್ತದೆ. ಮಂಡಳಿಯ ಮುಂದೆ ಮುಗಿದ ಪ್ರಕರಣದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಅಂಟುವುದಿಲ್ಲ, ಆ ದಾಖಲೆಯನ್ನೂ ಗೊತ್ತುಪಡಿಸಿದ ಅವಧಿಯ ನಂತರ ನಾಶ ಮಾಡಬೇಕು. 16 ದಾಟಿದವರು ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕರಂತೆ ವಿಚಾರಣೆಯಾಗಿ ತಪ್ಪಿತಸ್ಥರೆಂದು ಸಾಬೀತಾದರೆ ಮಾತ್ರ ಈ ರಕ್ಷಣೆ ಸಿಗುವುದಿಲ್ಲ. ಕೋಚ್‌ಗಳಿಗೆ, ಮೇಷ್ಟ್ರುಗಳಿಗೆ, ಠಾಣೆಯ ಮಕ್ಕಳ ಕಲ್ಯಾಣಾಧಿಕಾರಿಗೆ ಇಷ್ಟು ಗೊತ್ತಿದ್ದು, ಅವರು ಆ ಹುಡುಗನ ಮನೆಗೆ ಹೋಗಿ ಅವನ ಅಪ್ಪ-ಅಮ್ಮನಿಗೆ ಇದನ್ನು ಹೇಳಬೇಕು. ನಾಳೆಯಿಂದ ಓಟಕ್ಕೆ ಕಳಿಸಿ ಎಂದು ಕೇಳಬೇಕು.