ಸವಾಲಿನ ಬಾಕಿ ಮತ್ತು ಕಾಣಿಕೆ ಚೀಲ

ನಾನು ಹುಬ್ಬಳ್ಳಿಯಲ್ಲಿ ಆಡಿಟರ್. ನಾನು ಲೆಕ್ಕ ನೋಡುವ ಸಂಸ್ಥೆಗಳಲ್ಲಿ ಕೆಲವು ಚರ್ಚುಗಳೂ ಇವೆ. ಅಲ್ಲಿನ ಹಿರಿಯರು ಕೇಳುವ ಮಾತು ಹೆಚ್ಚಾಗಿ ಒಂದೇ. "ಸರ್, ಮಂದಿ ಮೊದಲಿನಂಗ ಕಾಣಿಕೆ ಹಾಕವಲ್ಲರು, ಏನ್ ಮಾಡೂಣು?"

ಪುಸ್ತಕ ತೆರೆಯುವ ಮೊದಲು ನಾನು ಚರ್ಚಿನೊಳಗೆ ಒಂದು ಸುತ್ತು ಹಾಕುತ್ತೇನೆ. ಫ್ಯಾನಿನ ಮೇಲೆ ಒಂದು ಮನೆತನದ ಹೆಸರು, ಬೆಂಚಿನ ಮೇಲೆ ಇನ್ನೊಂದು, ಮೈಕ್ ಸೆಟ್ಟಿನ ಮೇಲೆ ಮತ್ತೊಂದು. ಚೀಲದ ದುಡ್ಡು ಇಳಿದು ಇಂಥ ವಸ್ತುಗಳು ಜಾಸ್ತಿಯಾಗಿದ್ದರೆ ನನಗೆ ಅರ್ಥವಾಗುತ್ತದೆ: ಜನರ ಕೈ ಬಿಗಿಯಾಗಿಲ್ಲ, ಕಮಿಟಿಯ ಮೇಲಿನ ಭರವಸೆ ಹೋಗಿದೆ. ಫ್ಯಾನು ಕೊಟ್ಟರೆ ಅದು ತಿರುಗುವುದು ಕಣ್ಣಿಗೆ ಕಾಣುತ್ತದೆ, ಅಲ್ವಾ?

ಗದಗ ಕಡೆಯ ಒಂದು ಸಭೆಯ, ಅಂದರೆ ಒಂದು ಚರ್ಚಿನ ಜನರ, ವಿಷಯ ಹೇಳುತ್ತೇನೆ. ಸುಗ್ಗಿ ಹಬ್ಬಕ್ಕೆ ಜನ ಜೋಳ, ಶೇಂಗಾ, ಕುಂಬಳಕಾಯಿ, ಕೋಳಿ ತರುತ್ತಾರೆ. ಆರಾಧನೆ ಮುಗಿದ ಮೇಲೆ ಸವಾಲು, ಅಂದರೆ ಅವುಗಳ ಹರಾಜು. ಪೈಪೋಟಿ ಏರಿ ಒಂದು ತೆಂಗಿನಕಾಯಿ ಸಾವಿರಾರು ರೂಪಾಯಿಗೆ ಹೋಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ದುಡ್ಡು ಮಾತ್ರ "ಆಮೇಲೆ". ನಾನು ಪುಸ್ತಕ ನೋಡಿದಾಗ ನಾಲ್ಕು ವರ್ಷದ ಸವಾಲಿನ ಬಾಕಿ ಹಾಗೇ ಉಳಿದಿತ್ತು. ಅದರಲ್ಲಿ ದೊಡ್ಡ ಮೊತ್ತವೆಲ್ಲ ಕಮಿಟಿಯವರದ್ದೇ. ಯಾರೂ ಒಂದು ಪೈಸೆ ಕದ್ದಿರಲಿಲ್ಲ. ಆದರೆ ಹೊಲದಿಂದ ಜೋಳ ಹೊತ್ತು ತಂದವರಿಗೆ ಇದೆಲ್ಲ ಗೊತ್ತಿತ್ತು. ನನ್ನ ಅನುಭವದಲ್ಲಿ ಕಳ್ಳತನಕ್ಕಿಂತ ಹಿರಿಯರ ಬಾಕಿಯೇ ಕಾಣಿಕೆಯನ್ನು ಜಾಸ್ತಿ ಕೊಲ್ಲುತ್ತದೆ. ಅಲ್ಲಿಯ ಒಬ್ಬ ಅಜ್ಜಿ ನನಗೆ ಹೇಳಿದ್ದು ಇಷ್ಟು: "ಕೊಡೂದು ದೇವರಿಗೆ ಖರೆ ಯಪ್ಪಾ. ಎಣಸವ್ರು ಮನಷ್ಯಾರಲ್ಲೇನು?"

ನಮ್ಮ ಭಾಗಕ್ಕೆ ಇದರ ಒಂದು ಹಿನ್ನೆಲೆಯೂ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಹಣ ಹೊರಗಿನಿಂದ ಬರುತ್ತಿತ್ತು, ತೀರ್ಮಾನವೂ ಹೊರಗಿನವರದ್ದೇ. ಲೆಕ್ಕ ಕೇಳುವುದೆಂದರೆ ಅಪನಂಬಿಕೆ ಎನ್ನುವ ಸಂಕೋಚ ಆಗಿನಿಂದಲೇ ಉಳಿದಿರಬೇಕು ಎಂದು ನನಗನಿಸುತ್ತದೆ. ಬೈಬಲ್ ಹಾಗೆ ಹೇಳುವುದಿಲ್ಲ. ಅರಸುಗಳು ಎರಡನೆಯ ಭಾಗದ 12ನೇ ಅಧ್ಯಾಯ ನೋಡಿ. ದೇವಾಲಯದ ದುರಸ್ತಿಗೆಂದು ಬಂದ ಹಣ ಯಾಜಕರ ಕೈಯಲ್ಲಿದ್ದಾಗ ಕೆಲಸವೇ ನಡೆಯಲಿಲ್ಲ. ಆಗ ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಇಟ್ಟರು. ಅದು ತುಂಬಿದಾಗ ಅರಸನ ಲೇಖಕ, ಮಹಾಯಾಜಕ ಇಬ್ಬರೂ ಬಂದು ಎಣಿಸಿದರು. ಅರಮನೆಯವನೊಬ್ಬ, ಆಲಯದವನೊಬ್ಬ.

ನಾನು ಕೇಳಿಕೊಳ್ಳುವುದೂ ಅದನ್ನೇ. ಒಂದೇ ಮನೆಯವರಲ್ಲದ ಇಬ್ಬರು ಆರಾಧನೆ ಮುಗಿದ ಕೂಡಲೇ ಅಲ್ಲೇ ಎಣಿಸಿ ಸಹಿ ಹಾಕಲಿ. ಸೋಮವಾರ ಹಣ ಬ್ಯಾಂಕಿಗೆ ಹೋಗಲಿ. ಮುಂದಿನ ರವಿವಾರ ಮೊತ್ತ ನೋಟಿಸ್ ಬೋರ್ಡಿಗೆ ಬರಲಿ. ಈಗಂತೂ ಬಾಗಿಲ ಹತ್ತಿರ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಸ್ಕ್ಯಾನ್ ಮಾಡಿದರೆ ಖಜಾಂಚಿಯ ಸ್ವಂತ ಹೆಸರು ಬರುತ್ತದೆ! ಖಜಾಂಚಿ ಎಷ್ಟೇ ಒಳ್ಳೆಯವರಿರಲಿ, ಇದು ತಪ್ಪು. ಇನ್ನೊಂದು ಮಾತು. ತೆರಿಗೆ ವಿನಾಯಿತಿಗೆ ನೋಂದಾಯಿಸಿದ ಟ್ರಸ್ಟು ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಇಲಾಖೆ ಅದನ್ನು ಖರ್ಚೆಂದು ಹಿಡಿಯುವುದಿಲ್ಲ. ಗೌಂಡಿ ಕೇಳಿದನೆಂದು ಸುಮ್ನೆ ನಗದು ಎಣಿಸಿ ಕೊಡಬೇಡಿ.

ಗದಗ ಕಡೆಯ ಆ ಸಭೆಗೆ ಹೊಸ ಪಾಸ್ಟರು ಬಂದರು. ಒಂದು ರವಿವಾರ ಸವಾಲಿನ ಬಾಕಿಯ ಪಟ್ಟಿಯನ್ನು ಎಲ್ಲರ ಮುಂದೆ ಓದಿದರು. ಮೊದಲ ಹೆಸರು ಕಾರ್ಯದರ್ಶಿಯದ್ದೇ. ಬೆಂಚುಗಳಲ್ಲಿ ಯಾರೂ ಮಾತಾಡಲಿಲ್ಲ. ಮುಂದಿನ ವಾರ ಆ ಹಿರಿಯರು ಪೂರ್ತಿ ದುಡ್ಡು ತಂದು ಕಟ್ಟಿ, ರಸೀದಿ ಕೇಳಿ ತಗೊಂಡರು. ಮುಂದಿನ ಸುಗ್ಗಿಯಲ್ಲಿ ತೆಂಗಿನಕಾಯಿ ಹಿಂದಿನಷ್ಟು ದರಕ್ಕೆ ಹೋಗಲಿಲ್ಲ, ಆದರೆ ಕೂಗಿದಷ್ಟೂ ಹಣ ಅದೇ ಸಂಜೆ ಪೆಟ್ಟಿಗೆಗೆ ಬಂತು. ಆ ಪಾಸ್ಟರಿಗೆ ಈಗ ವರ್ಗವಾಗಿದೆ. ಬಾಕಿ ಪುಸ್ತಕ ಚರ್ಚಿನ ಕಪಾಟಿನಲ್ಲೇ ಇರಲಿ, ಯಾರ ಮನೆಗೂ ಹೋಗುವುದು ಬೇಡ ಎಂದು ಹೊಸದಾಗಿ ಬಂದವರಿಗೆ ಮೊದಲ ಭೇಟಿಯಲ್ಲೇ ಹೇಳಿ ಬಂದಿದ್ದೇನೆ.