ಹೊರಗೆ ಕರಕಲು, ಮೂಳೆಯ ಹತ್ತಿರ ಹಸಿ: ಸರಳಿನ ಕೋಳಿ ಯಾಕೆ ಹೀಗಾಗುತ್ತದೆ?

ಓದುಗರ ಪ್ರಶ್ನೆ: ಮನೆಯ ಇದ್ದಿಲ ಗ್ರಿಲ್‌ಗೆ ತಿರುಗುವ ಸರಳು, ಮೋಟಾರು ಜೋಡಿಸಿಕೊಂಡು ಇಡೀ ಕೋಳಿ ಸುಡುತ್ತಿದ್ದೇವೆ. ಮುಕ್ಕಾಲು ಗಂಟೆಯೊಳಗೆ ಚರ್ಮ ಕಪ್ಪಾಗುತ್ತದೆ, ಕೊಯ್ದು ನೋಡಿದರೆ ತೊಡೆಸಂದಿ ಇನ್ನೂ ಹಸಿ. ಕೆಂಡ ಕಡಿಮೆ ಮಾಡಿದರೆ ಚರ್ಮ ರಬ್ಬರಿನಂತಾಗುತ್ತದೆ. ಹಾಗಾದರೆ ಎಷ್ಟು ಕೆಂಡ ಹಾಕಬೇಕು, ಎಷ್ಟು ಹೊತ್ತು ಬೇಯಿಸಬೇಕು?

ಅರ್ಧ ಉತ್ತರ ಈ ಪ್ರಶ್ನೆಯಲ್ಲೇ ಇದೆ. ಕೆಂಡ ಹೆಚ್ಚಿದ್ದರೆ ಕರಕಲು, ತಗ್ಗಿಸಿದರೆ ರಬ್ಬರು ಅಂದರೆ ತಪ್ಪು ಕೆಂಡದ ಪ್ರಮಾಣದಲ್ಲಿಲ್ಲ, ಅದನ್ನು ಹರಡಿದ ಜಾಗದಲ್ಲಿದೆ. ಕೋಳಿಯ ನೇರ ಕೆಳಗೆ ಕೆಂಡ ಇರಲೇಬಾರದು. ತಿರುಗುತ್ತಲೇ ಇರುತ್ತದಲ್ಲ, ಕೆಳಗೆ ಬೆಂಕಿ ಇದ್ದರೇನು ಎಂದು ಬಹಳ ಮಂದಿ ಅಂದುಕೊಳ್ಳುತ್ತಾರೆ. ಆದರೆ ಕರಗಿದ ಕೊಬ್ಬು ತೊಟ್ಟಿಕ್ಕುವುದು ಅಲ್ಲಿಗೇ. ಒಂದು ಹನಿ ಕೆಂಡದ ಮೇಲೆ ಬಿದ್ದರೆ ಭಗ್ಗನೆ ಉರಿ ಏಳುತ್ತದೆ, ಮಸಿ ಚರ್ಮಕ್ಕೆ ಮೆತ್ತುತ್ತದೆ. ಕೋಳಿ ನಿಮಿಷಕ್ಕೆ ನಾಲ್ಕೈದು ಸುತ್ತು ಹಾಕಿದರೆ, ಚರ್ಮದ ಪ್ರತಿಯೊಂದು ಭಾಗವೂ ಅಷ್ಟೂ ಸಲ ಆ ಉರಿಯ ಮೇಲೆ ಹಾದುಹೋಗುತ್ತದೆ. ಹೊರಗಿನ ಕಪ್ಪು ಬಹುಪಾಲು ಈ ಉರಿ ಮತ್ತು ಮಸಿಯದೇ.

ತಿರುಗುವುದರ ನಿಜವಾದ ಲಾಭ ಬೇರೆ. ಒಂದು ಮಗ್ಗುಲು ಕೆಲವು ಸೆಕೆಂಡು ಕಾವಿಗೆ ಮುಖ ಕೊಟ್ಟು, ಆಮೇಲೆ ಅಷ್ಟೇ ಹೊತ್ತು ಬೆನ್ನು ತಿರುಗಿಸುತ್ತದೆ. ಆ ಬಿಡುವಿನಲ್ಲಿ ಮೇಲಿನ ಕಾವು ನಿಧಾನವಾಗಿ ಒಳಗಿಳಿಯುತ್ತದೆ. ಕೊಬ್ಬೂ ಒಂದೇ ಕಡೆ ಇಳಿದು ಬೀಳದೆ, ಚರ್ಮದ ಮೇಲೆಲ್ಲ ಉರುಳಾಡಿ ಅದನ್ನು ಹುರಿಯುತ್ತದೆ. ಇದೆಲ್ಲ ಆಗಬೇಕಾದರೆ ಕಾವು ಪಕ್ಕದಿಂದ ಬರಬೇಕು.

ಕೆಂಡ ಎಲ್ಲಿ, ಎಷ್ಟು

ಸುಮಾರು 57 ಸೆಂಟಿಮೀಟರ್ ಅಗಲದ, ಮುಚ್ಚಳವಿರುವ ದುಂಡನೆಯ ಗ್ರಿಲ್ ಇದೆ ಎಂದುಕೊಳ್ಳೋಣ. ಒಂದೂವರೆಯಿಂದ 1.8 ಕಿಲೋ ತೂಗುವ ಕೋಳಿಗೆ ಅಚ್ಚಿನ ಇದ್ದಿಲು, ಅಂದರೆ ಬ್ರಿಕೆಟ್, 50ರಿಂದ 60 ಸಾಕು. ಎಲ್ಲವನ್ನೂ ಚಿಮಣಿ ಡಬ್ಬಿಯಲ್ಲಿ, ಅಂದರೆ ಇದ್ದಿಲು ಹೊತ್ತಿಸುವ ಕೊಳವೆಯಂಥ ಡಬ್ಬಿಯಲ್ಲಿ, ಹೊತ್ತಿಸಿ, ಮೇಲಿನವುಗಳ ಮೇಲೂ ಬೂದುಬಣ್ಣದ ಪದರ ಕಟ್ಟುವವರೆಗೆ ಕಾಯಿರಿ. ಆಮೇಲೆ ಸರಿಯಾಗಿ ಎರಡು ಪಾಲು ಮಾಡಿ, ಸರಳಿಗೆ ಸಮಾನಾಂತರವಾಗಿ ಮುಂದೊಂದು, ಹಿಂದೊಂದು ಸಾಲು ಕಟ್ಟಿ. ನಡುವೆ ಖಾಲಿ ಬಿಟ್ಟ ಜಾಗದಲ್ಲಿ ಅಲ್ಯೂಮಿನಿಯಂ ತಟ್ಟೆ ಇಟ್ಟು ಒಂದು ಸೆಂಟಿಮೀಟರ್ ನೀರು ಹಾಕಿ. ನೀರಿಲ್ಲದ ತಟ್ಟೆಯಲ್ಲಿ ಬಿದ್ದ ಕೊಬ್ಬು ಕಾದು ಸುಟ್ಟು, ಕಮಟು ಹೊಗೆ ಕೋಳಿಗೇ ಹಿಡಿಯುತ್ತದೆ.

ಮರದ ತುಂಡು ಇದ್ದಿಲು ಬಳಸುವವರು ಒಂದು ಮಾತು ನೆನಪಿಡಿ. ಅದು ಬೇಗ ಹೊತ್ತಿ, ಹೆಚ್ಚು ಕಾವು ಕೊಟ್ಟು, ಬೇಗ ಕುಸಿಯುತ್ತದೆ. ಕಿಡಿಯೂ ಹಾರುತ್ತದೆ. ಒಂದು ಗಂಟೆಗೂ ಮೀರಿದ ಈ ಕೆಲಸಕ್ಕೆ ಬ್ರಿಕೆಟ್ಟಿನ ಒಂದೇ ಸಮನೆಯ ಕಾವು ಹೆಚ್ಚು ಅನುಕೂಲ.

ಮುಚ್ಚಳ ಹಾಕಿಯೇ ಬೇಯಿಸಿ. ಕೆಳಗಿನ ಗಾಳಿಕಂಡಿ ಪೂರ್ತಿ ತೆರೆದಿರಲಿ, ಮೇಲಿನದು ಅರ್ಧ. ಒಳಗಿನ ಕಾವು 180ರಿಂದ 200 ಡಿಗ್ರಿ ಸೆಲ್ಸಿಯಸ್ ನಡುವೆ ನಿಂತರೆ ಚರ್ಮವೂ ಹುರಿಯುತ್ತದೆ, ಒಳಗೂ ಬೇಯುತ್ತದೆ. 150ಕ್ಕಿಂತ ಕೆಳಗಿಳಿದಾಗಲೇ ರಬ್ಬರು ಚರ್ಮದ ಕಾಟ. ನಲವತ್ತು ನಿಮಿಷದ ಹೊತ್ತಿಗೆ ಕಾವು ಇಳಿಯತೊಡಗಿದರೆ ಪ್ರತಿ ಸಾಲಿಗೆ ಆರೇಳು ಬ್ರಿಕೆಟ್ ಸೇರಿಸಿ. ಬೇರೆಡೆ ಮೊದಲೇ ಹೊತ್ತಿಸಿಕೊಂಡವನ್ನೇ ಸೇರಿಸಿ, ಹಸಿಯವನ್ನು ಸುರಿದರೆ ಹೊತ್ತಿಕೊಳ್ಳುವವರೆಗೂ ಕಾವು ಇನ್ನಷ್ಟು ಇಳಿಯುತ್ತದೆ. ಮುಚ್ಚಳ ಪದೇಪದೇ ತೆಗೆಯುವ ಆಸೆಯನ್ನೂ ತಡೆದುಕೊಳ್ಳಬೇಕು.

ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಜೀವ ತೆಗೆಯುತ್ತದೆ. ಆದ್ದರಿಂದ ಗ್ರಿಲ್ ಬಯಲಿನಲ್ಲೇ ಇರಬೇಕು. ಕಿಟಕಿ ತೆರೆದಿದ್ದರೂ ಮನೆಯೊಳಗೆ ಬೇಡ, ಗ್ಯಾರೇಜಿನಲ್ಲೂ ಬೇಡ.

ತೂಕ ಸರಿಹೋಗದಿದ್ದರೆ ಕಾವೂ ಸರಿಹೋಗದು

ಒಂದು ಮಗ್ಗುಲು ಕಪ್ಪು, ಇನ್ನೊಂದು ಬಿಳಿಚು ಎನ್ನುವವರು ಮೊದಲು ನೋಡಬೇಕಾದ್ದು ಸರಳನ್ನು. ಸರಳು ಕತ್ತಿನ ಕಡೆಯಿಂದ ಹೊಕ್ಕು, ಹೊಟ್ಟೆಯ ಪೊಳ್ಳಿನ ನಟ್ಟನಡುವೆ ಹಾದು, ಬಾಲದ ಕಡೆ ಹೊರಬರಬೇಕು. ಕೋಳಿಯನ್ನು ಎರಡೂ ಕಡೆಯಿಂದ ಹಿಡಿದಿಡಲು ಸರಳಿಗೆ ತಿರುಪಿನಿಂದ ಬಿಗಿಯುವ ಮುಳ್ಳುಗಳ ಜೋಡಣೆಗೆ ಫೋರ್ಕು ಎನ್ನುತ್ತಾರೆ. ಒಂದು ಫೋರ್ಕಿನ ಮುಳ್ಳುಗಳು ಎದೆಯ ದಪ್ಪ ಮಾಂಸದಲ್ಲಿ, ಇನ್ನೊಂದರವು ತೊಡೆಗಳಲ್ಲಿ ಆಳವಾಗಿ ನಾಟಿರಬೇಕು. ರೆಕ್ಕೆಗಳನ್ನು ಮೈಗೆ ಒತ್ತಿ ಹತ್ತಿ ದಾರದಿಂದ ಒಂದು ಸುತ್ತು ಬಿಗಿಯಿರಿ, ಕಾಲುಗಳೆರಡನ್ನೂ ಸೇರಿಸಿ ಸರಳಿಗೇ ಕಟ್ಟಿ. ನೈಲಾನ್ ದಾರ ಕರಗುತ್ತದೆ, ಅದು ಬೇಡವೇ ಬೇಡ. ಕಟ್ಟದೆ ಬಿಟ್ಟ ರೆಕ್ಕೆ ಪ್ರತಿ ಸುತ್ತಿಗೂ ಜೋಲಿ ಹೊಡೆದು ಕೆಂಡದ ಹತ್ತಿರ ಹೋಗಿ ಬರುತ್ತದೆ. ಎಲ್ಲಕ್ಕಿಂತ ಮೊದಲು ಸುಟ್ಟುಹೋಗುವುದು ಅದೇ.

ಇನ್ನು ತೂಕ. ಅಗಲ ಬಾಯಿಯ ಪಾತ್ರೆಯ ಅಂಚುಗಳ ಮೇಲೆ ಸರಳಿನ ಎರಡು ತುದಿ ಇಟ್ಟು ಕೈಬಿಡಿ. ಭಾರದ ಮಗ್ಗುಲು ತಾನಾಗಿ ಕೆಳಗೆ ಉರುಳುತ್ತದೆ. ಕಾಲು ಸುತ್ತು ತಿರುಗಿಸಿ ಮತ್ತೆ ಬಿಡಿ. ಬಿಟ್ಟಲ್ಲೇ ನಿಂತರೆ ತೂಕ ಸರಿಯಿದೆ. ಪ್ರತಿ ಸಲವೂ ಅದೇ ಮಗ್ಗುಲು ಕೆಳಗೆ ಬಂದರೆ ಫೋರ್ಕು ಸಡಿಲಿಸಿ, ಸರಳು ಆ ಭಾರದ ಕಡೆಗೆ ಇನ್ನೊಂದಿಷ್ಟು ಸರಿಯುವಂತೆ ಕೋಳಿಯನ್ನು ಕೂರಿಸಿ. ಎದುರುತೂಕದ ಗುಂಡು ಇದ್ದರೆ, ಭಾರದ ಮಗ್ಗುಲು ಕೆಳಗಿರುವಾಗ ಅದು ನೆಟ್ಟಗೆ ಮೇಲೆ ನಿಲ್ಲುವಂತೆ ಬಿಗಿಯಿರಿ. ಎರಡು ಕೋಳಿ ಏರಿಸುವಾಗ ಒಂದರ ಎದೆ ಮೇಲೆ, ಇನ್ನೊಂದರ ಎದೆ ಕೆಳಗೆ ಬರುವಂತೆ ಏರಿಸಿದರೆ ಒಂದರ ಭಾರ ಇನ್ನೊಂದಕ್ಕೆ ಸರಿಯಾಗುತ್ತದೆ.

ತೂಕ ತಪ್ಪಿದ್ದನ್ನು ಕಿವಿಯೂ ಹೇಳುತ್ತದೆ. ಭಾರದ ಮಗ್ಗುಲನ್ನು ಮೇಲೆತ್ತುವಾಗ ಮೋಟಾರು ಗೊಣಗುತ್ತಾ ನಿಧಾನವಾಗುತ್ತದೆ. ಮೇಲೆ ಹತ್ತಿದ ಕೂಡಲೇ ಕೋಳಿ ಧಡಕ್ಕನೆ ಇನ್ನೊಂದು ಕಡೆಗೆ ಮಗುಚುತ್ತದೆ. ನಿಧಾನವಾಗಿ ಏರಿದ ಮಗ್ಗುಲಿಗೆ ಕಾವು ಹೆಚ್ಚು ಹೊತ್ತು ಸಿಕ್ಕಿತು, ಧಡಕ್ಕನೆ ಬಿದ್ದದ್ದಕ್ಕೆ ಕಡಿಮೆ. ಹೀಗೇ ಬಿಟ್ಟರೆ ಮೋಟಾರಿನ ಹಲ್ಲುಗಾಲಿಯೂ ಸವೆಯುತ್ತದೆ.

ಇನ್ನೊಂದು ತೊಂದರೆ ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ. ಬೇಯುತ್ತಾ ಮಾಂಸ ಕುಗ್ಗುತ್ತದೆ, ಬಿಸಿಗೆ ಫೋರ್ಕಿನ ತಿರುಪು ಸಡಿಲಾಗುತ್ತದೆ. ಸರಳು ತಿರುಗುತ್ತಲೇ ಇರುತ್ತದೆ, ಮೋಟಾರಿನ ಸದ್ದೂ ಸರಿಯಾಗಿಯೇ ಇರುತ್ತದೆ, ಆದರೆ ಕೋಳಿ ಮಾತ್ರ ಒಂದೇ ಮಗ್ಗುಲಲ್ಲಿ ತೂಗಾಡುತ್ತಾ ನಿಂತಿರುತ್ತದೆ! ಮುಚ್ಚಳ ಹಾಕಿದ್ದರಿಂದ ಗೊತ್ತಾಗುವ ಹೊತ್ತಿಗೆ ಒಂದು ಬದಿ ಇದ್ದಿಲಾಗಿರುತ್ತದೆ. ಆದ್ದರಿಂದ ಮೊದಲ 20-25 ನಿಮಿಷಕ್ಕೆ ಒಮ್ಮೆ ಮುಚ್ಚಳ ತೆಗೆದು, ಮೋಟಾರು ನಿಲ್ಲಿಸಿ, ದಪ್ಪ ಕೈಗವಸು ಹಾಕಿಕೊಂಡು ಫೋರ್ಕನ್ನು ಒಳಕ್ಕೆ ಒತ್ತಿ, ತಿರುಪನ್ನು ಇಕ್ಕಳದಿಂದ ಬಿಗಿ ಮಾಡಿ. ಮುಚ್ಚಳ ತೆಗೆಯಬೇಡಿ ಎಂದ ಮಾತಿಗೆ ಇದೊಂದು ವಿನಾಯಿತಿ.

ಚರ್ಮದ ವಿಷಯ

ಗರಿಗರಿ ಚರ್ಮಕ್ಕೆ ಬೇಕಾದ್ದು ಒಣ ಮೈ. ಚರ್ಮದ ಮೇಲೆ ನೀರಿರುವಷ್ಟು ಹೊತ್ತೂ ಅಲ್ಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ, ಚೆನ್ನಾಗಿ ಕೆಂಪಗಾಗಲು 140ರ ಆಸುಪಾಸು ಬೇಕು. ಒದ್ದೆ ಮಸಾಲೆಯಲ್ಲಿ ಮುಳುಗಿಸಿ ಹಾಗೆಯೇ ಸರಳಿಗೇರಿಸಿದ ಕೋಳಿ ಮೊದಲ ಅರ್ಧ ಗಂಟೆ ಬರೀ ಹಬೆಯಲ್ಲೇ ಕಳೆಯುತ್ತದೆ. ಅದರ ಬದಲು ಕಿಲೋ ತೂಕಕ್ಕೆ 12 ಗ್ರಾಂ ಪುಡಿ ಉಪ್ಪಿನಂತೆ ಒಳಗೂ ಹೊರಗೂ ಸವರಿ, ಮುಚ್ಚದೆ, ಫ್ರಿಜ್ಜಿನ ಕೆಳತಟ್ಟಿನಲ್ಲಿ 12ರಿಂದ 24 ಗಂಟೆ ಇಡಿ. ಉಪ್ಪು ಮೊದಲು ನೀರು ಹೊರಗೆಳೆಯುತ್ತದೆ, ಆಮೇಲೆ ಆ ಉಪ್ಪುನೀರೇ ಮಾಂಸದೊಳಕ್ಕೆ ಇಳಿಯುತ್ತದೆ. ಚರ್ಮ ಕಾಗದದಂತೆ ಒಣಗುತ್ತದೆ. ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ತೊಳೆದರೆ ಹೋಗುವುದಿಲ್ಲ, ನೀರಿನ ಹನಿಯೊಂದಿಗೆ ಸಿಂಕಿನ ಸುತ್ತ ಹರಡುತ್ತದೆ.

ಸಕ್ಕರೆ, ಬೆಲ್ಲ, ಜೇನುತುಪ್ಪ ಇರುವ ಯಾವ ಲೇಪವನ್ನೂ ಕೊನೆಯ ಹತ್ತು ನಿಮಿಷಕ್ಕೆ ಮೀಸಲಿಡಿ. ಮೊದಲೇ ಹಚ್ಚಿದರೆ ಕೆಂಡ ಎಷ್ಟೇ ಸರಿಯಿದ್ದರೂ ಕಪ್ಪಾಗುತ್ತದೆ. ನಿಮ್ಮ ಮಸಾಲೆಯಲ್ಲಿ ಸಿಹಿ ಇದ್ದರೆ ಕರಕಲಿಗೆ ಅದೂ ಒಂದು ಕಾರಣ.

ಬೆಂದಿದೆ ಎಂದು ತಿಳಿಯುವುದು

ಒಂದೂವರೆ ಕಿಲೋ ಕೋಳಿಗೆ ಮೇಲೆ ಹೇಳಿದ ಕಾವಿನಲ್ಲಿ 60ರಿಂದ 75 ನಿಮಿಷ, 1.8 ಕಿಲೋದ್ದಕ್ಕೆ 75ರಿಂದ 90. ಗಾಳಿ ಬೀಸುತ್ತಿದ್ದರೆ ಇನ್ನೂ ತುಸು ಹೆಚ್ಚು. ಗಡಿಯಾರ ಅಂದಾಜಿಗಷ್ಟೇ. ತೀರ್ಮಾನ ಮಾಂಸಕ್ಕೆ ಚುಚ್ಚುವ ಥರ್ಮಾಮೀಟರಿನದು. ಮೋಟಾರು ನಿಲ್ಲಿಸಿ, ಎದೆಯ ದಪ್ಪ ಭಾಗದಲ್ಲಿ ಒಮ್ಮೆ, ತೊಡೆ ಮೈಗೆ ಸೇರುವ ಸಂದಿಯಲ್ಲಿ ಒಮ್ಮೆ ಚುಚ್ಚಿ. ತುದಿ ಮೂಳೆಗೂ ಸರಳಿಗೂ ತಾಗಬಾರದು. ಸರಳು ಕಬ್ಬಿಣ, ಅದಕ್ಕೆ ತಾಗಿದರೆ ಮಾಂಸದ ಬದಲು ಸರಳಿನ ಬಿಸಿ ತೋರಿಸುತ್ತದೆ. ಎರಡೂ ಕಡೆ ಕನಿಷ್ಠ 74 ಡಿಗ್ರಿ ಇರಲೇಬೇಕು. ತೊಡೆಯಲ್ಲಿ 80 ದಾಟಿದರೆ ಇನ್ನೂ ಚೆನ್ನ, ಅಲ್ಲಿನ ನಾರಿನಂಶ ಕರಗಿ ಮೆತ್ತಗಾಗಲು ಅಷ್ಟು ಬೇಕು.

ನೀವು ಕಂಡ ಹಸಿ ನಿಜಕ್ಕೂ ಹಸಿಯೇ ಎಂಬುದನ್ನೂ ಹೀಗೇ ಪರೀಕ್ಷಿಸಿ. ಎಳೆ ಕೋಳಿಯ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಮಜ್ಜೆಯ ಕೆಂಪು ಹೊರಗೆ ಜಿನುಗಿ, ಪೂರ್ತಿ ಬೆಂದರೂ ಮೂಳೆಯ ಪಕ್ಕದ ಮಾಂಸ ಗುಲಾಬಿಯಾಗಿ ಕಾಣಬಹುದು. 74 ದಾಟಿದ್ದರೆ ಅದು ಬರೀ ಬಣ್ಣ. ಕೆಳಗಿದ್ದರೆ ಹಸಿ. ಹಾಗೆ ಹಸಿಯಾಗಿಯೇ ಉಳಿಯುತ್ತಿದ್ದರೆ ಕೋಳಿ ಪೂರ್ತಿ ಕರಗುವ ಮುನ್ನವೇ ಸರಳಿಗೇರಿತೇ ಎಂದು ಯೋಚಿಸಿ. ಹೊರಗೆ ಮೆತ್ತಗಾದರೂ ಹೊಟ್ಟೆಯೊಳಗೆ, ತೊಡೆಸಂದಿಯಲ್ಲಿ ಮಂಜುಗಡ್ಡೆ ಉಳಿದಿರುತ್ತದೆ. ಈ ಗಾತ್ರದ ಕೋಳಿ ಫ್ರಿಜ್ಜಿನಲ್ಲಿ ಕರಗಲು ಒಂದು ಪೂರ್ತಿ ದಿನ ಕೊಡಿ. ಹೊಟ್ಟೆಯ ಪೊಳ್ಳಿಗೆ ಬಿಗಿಯಾಗಿ ಏನನ್ನೂ ತುಂಬಬೇಡಿ.

ಇಳಿಸಿದ ಮೇಲೆ ಹತ್ತು-ಹದಿನೈದು ನಿಮಿಷ ಸುಮ್ಮನೆ ಬಿಡಿ, ಆಮೇಲೆ ಕೈಗವಸು ಹಾಕಿದ ಕೈಯಿಂದ ಸರಳು ಎಳೆಯಿರಿ. ಬಾತುಕೋಳಿಗೂ ಇದೇ ಜೋಡಣೆ ಸಾಕು, ಆದರೆ ಅದರ ಕೊಬ್ಬು ಹಲವು ಪಟ್ಟು. ಮಾಂಸಕ್ಕೆ ತಾಗದಂತೆ ಚರ್ಮವನ್ನಷ್ಟೇ ಅಲ್ಲಲ್ಲಿ ಚುಚ್ಚಿ, ಆಳದ ತಟ್ಟೆ ಇಡಿ, ಕಾವು 160-170ರಲ್ಲಿರಲಿ.

ಇಷ್ಟೆಲ್ಲ ಮಾಡಿಯೂ ಅರ್ಧ ದಾರಿಯಲ್ಲಿ ಚರ್ಮ ಕಪ್ಪಾಗತೊಡಗಿದರೆ? ತೊಡೆಯಲ್ಲಿ 60 ಡಿಗ್ರಿ ಮಾತ್ರ ಇದೆ ಎಂದಿಟ್ಟುಕೊಳ್ಳಿ. ಕೆಂಡದ ಸಾಲುಗಳನ್ನು ಇನ್ನೂ ಅಂಚಿಗೆ ತಳ್ಳಿ, ಮೇಲಿನ ಕಂಡಿಯನ್ನು ಕಾಲು ಭಾಗಕ್ಕೆ ಇಳಿಸಿ, ಕಪ್ಪಾದ ಜಾಗಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ಮುಂದುವರಿಸಿ. ಅದಕ್ಕೂ ಬಗ್ಗದಿದ್ದರೆ ಸರಳಿನಿಂದ ಇಳಿಸಿ, ಕಾಲುಗಳನ್ನು ತೊಡೆ ಸಮೇತ ಕತ್ತರಿಸಿ ಬೇರ್ಪಡಿಸಿ, ತಟ್ಟೆಯ ಮೇಲ್ಗಡೆ ಬರುವಂತೆ ಜಾಲರಿಯ ಮೇಲಿಟ್ಟು ಮುಚ್ಚಳ ಹಾಕಿ. ಬಿಡಿಸಿದ ಸಂದಿಗೆ ನೇರ ಕಾವು ಸಿಗುವುದರಿಂದ ಹದಿನೈದು-ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ. ಅರೆಬೆಂದದ್ದನ್ನು ನಾಳೆಗೆಂದು ಎತ್ತಿಡಬೇಡಿ, ಬೆಚ್ಚಗಿನ ಅರೆಬೆಂದ ಮಾಂಸದಲ್ಲಿ ಬ್ಯಾಕ್ಟೀರಿಯಾ ಬೇಗನೆ ಬೆಳೆಯುತ್ತದೆ. ಅದೇ ಹೊತ್ತಿನಲ್ಲಿ 74 ದಾಟಿಸಿಯೇ ಬೆಂಕಿಯಿಂದ ಇಳಿಸಿ.