ಪದ ಪರಿಚಯ: ಎಳವೆಯ ಓದಿನ ಔಟ್‌ರೀಚ್

ಮನೆಯಲ್ಲಿ ಪುಸ್ತಕವಿಲ್ಲದ, ಇನ್ನೂ ಶಾಲೆಗೆ ಸೇರದ ಮಕ್ಕಳು ತಾವಾಗಿ ಬರಲಿ ಎಂದು ಕಾಯದೆ, ಸಾರ್ವಜನಿಕ ಗ್ರಂಥಾಲಯವೇ ಅವರಿರುವಲ್ಲಿಗೆ ಪುಸ್ತಕ, ಕಥೆ, ಹಾಡುಗಳನ್ನು ಒಯ್ಯುವ ಕೆಲಸಕ್ಕೆ ಈ ಹೆಸರು. ಶಿಶುವಿಹಾರ, ಕ್ಲಿನಿಕ್ಕು, ನಿರಾಶ್ರಿತರ ವಸತಿ, ಕೆಲವು ದೇಶಗಳಲ್ಲಿ ಸಾರ್ವಜನಿಕ ಲಾಂಡ್ರಿ ಕೂಡ ಇದರ ತಾಣಗಳು.

ಅಕ್ಷರ ತಿದ್ದಿಸುವುದು ಇಲ್ಲಿನ ಉದ್ದೇಶವಲ್ಲ. ಪುಟ ಮಗುಚುವುದು, ಚಿತ್ರಕ್ಕೆ ಬೆರಳಿಟ್ಟು ಹೆಸರು ಹೇಳುವುದು, ಪ್ರಾಸ ಕೇಳಿ ನಗುವುದು, ಇವೆಲ್ಲ ಓದಿನ ಮೊದಲ ಹೆಜ್ಜೆಗಳೇ. ಅಮೆರಿಕದ ಗ್ರಂಥಾಲಯ ಸಂಘದ ‘ಎವ್ರಿ ಚೈಲ್ಡ್ ರೆಡಿ ಟು ರೀಡ್’ ಕಾರ್ಯಕ್ರಮದ 2011ರ ಆವೃತ್ತಿ ಹೆತ್ತವರಿಗೆ ಹೇಳಿಕೊಡುವುದು ಐದನ್ನು: ಮಾತಾಡಿ, ಹಾಡಿ, ಓದಿ, ಬರೆಯಿರಿ, ಆಡಿ. ಪಾಠ ಮಗುವಿಗಲ್ಲ, ಮಗುವಿನ ಪಕ್ಕದಲ್ಲಿರುವ ದೊಡ್ಡವರಿಗೆ. ನನ್ನ ಪ್ರಕಾರ ಈ ಪದದ ತಿರುಳು ಇದೇ; ಪುಸ್ತಕ ಹಂಚುವುದನ್ನಷ್ಟೇ ಔಟ್‌ರೀಚ್ ಎನ್ನುವವರು ಅರ್ಧ ಕೆಲಸಕ್ಕೆ ಪೂರ್ತಿ ಹೆಸರಿಡುತ್ತಿದ್ದಾರೆ.

ಅಮೆರಿಕದ ಫಿಲಡೆಲ್ಫಿಯಾ ನಗರದ ಅನುಭವ ಇದಕ್ಕೆ ಸಾಕ್ಷಿ. ಅಲ್ಲಿನ ಶಾಖಾ ಗ್ರಂಥಾಲಯಗಳನ್ನು ದೊಡ್ಡ ಮೊತ್ತ ಸುರಿದು ನವೀಕರಿಸಿದರು. ಬಡವರ ಬಡಾವಣೆಗೂ ಅನುಕೂಲಸ್ಥರ ಬಡಾವಣೆಗೂ ಒಳ್ಳೆಯ ಪುಸ್ತಕ, ಕಂಪ್ಯೂಟರ್ ಬಂದವು. ಸಂಶೋಧಕಿಯರಾದ ಸೂಸನ್ ನ್ಯೂಮನ್ ಮತ್ತು ಡೊನ್ನಾ ಸೆಲಾನೊ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಮೇಲೂ ಎರಡೂ ಕಡೆಯ ಮಕ್ಕಳ ಓದಿನ ಅಂತರ ಕುಗ್ಗಲಿಲ್ಲ, ಹಿಗ್ಗಿತು. ಅನುಕೂಲಸ್ಥರ ಕಡೆ ಅಪ್ಪ, ಅಮ್ಮ, ಅಜ್ಜಿ ಯಾರಾದರೂ ಪಕ್ಕದಲ್ಲಿ ಕೂತು ಪುಸ್ತಕ ಆರಿಸಿ ಓದಿ ಹೇಳುತ್ತಿದ್ದರು. ಬಡವರ ಕಡೆ ಮಕ್ಕಳು ಹೆಚ್ಚಾಗಿ ಒಂಟಿಯಾಗಿ ಬಂದು, ಪುಟ ತಿರುವಿ, ಎದ್ದು ಹೋಗುತ್ತಿದ್ದರು. ಇದು ಹೆತ್ತವರ ಅಸಡ್ಡೆಯೆಂದು ತೀರ್ಪು ಕೊಡುವ ಮುನ್ನ, ಎರಡು ಪಾಳಿ ದುಡಿಯುವವರಿಗೆ ಮಧ್ಯಾಹ್ನದ ಕಥಾ ಸಮಯಕ್ಕೆ ಬರಲಾಗುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಹಾಗಾಗಿ ಹೆತ್ತವರು ಹೇಗೂ ಬರುವ ಜಾಗವನ್ನು ಹಿಡಿಯುವುದೇ ಜಾಣತನ. ಕೂಸುಗಳಿಗೆ ಪುಸ್ತಕ ಕೊಡುವ ಬ್ರಿಟನ್ನಿನ ಬುಕ್‌ಸ್ಟಾರ್ಟ್ ಯೋಜನೆ 1992ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಸುಮಾರು 300 ಕುಟುಂಬಗಳೊಂದಿಗೆ ಶುರುವಾಯಿತು. ಕೂಸಿನ ಆರೋಗ್ಯ ತಪಾಸಣೆಯ ಹೊತ್ತಿಗೇ ಪುಸ್ತಕದ ಚೀಲ, ಜೊತೆಗೆ ಗ್ರಂಥಾಲಯದ ವಿವರ ಹೆತ್ತವರ ಕೈ ಸೇರುತ್ತಿತ್ತು. ಗ್ರಂಥಾಲಯದ ಮೆಟ್ಟಿಲು ಹತ್ತದವರೂ ತಪಾಸಣೆ ತಪ್ಪಿಸುವುದಿಲ್ಲವಲ್ಲ!

ಹೋಗಿ ಕರೆದದ್ದಾಯಿತು, ಬಂದವರನ್ನು ಕೌಂಟರಿನಲ್ಲೇ ಹೆದರಿಸಿದರೆ? ವಿಳಾಸದ ದಾಖಲೆ ಕೇಳುವ ಸದಸ್ಯತ್ವ, ಮಗು ಪುಟ ಹರಿದರೆ ದಂಡ, ತಡವಾದರೆ ಇನ್ನೊಂದು ದಂಡ. ಕೈಯಲ್ಲಿ ಕಾಸಿಲ್ಲದ ತಾಯಿ ಪುಸ್ತಕ ಮನೆಗೆ ಒಯ್ಯುವ ಗೋಜಿಗೇ ಹೋಗುವುದಿಲ್ಲ. ಶಿಕಾಗೋದ ಸಾರ್ವಜನಿಕ ಗ್ರಂಥಾಲಯ 2019ರಲ್ಲಿ ವಿಳಂಬ ದಂಡವನ್ನು ಪೂರ್ತಿ ಕೈಬಿಟ್ಟಿತು. ಇಂಥ ನಿಯಮ ಬದಲಾವಣೆಯನ್ನೂ ನಾನು ಔಟ್‌ರೀಚ್ ಲೆಕ್ಕಕ್ಕೇ ಸೇರಿಸುತ್ತೇನೆ.

ಇನ್ನು ಓದಲು ಬಾರದ ಹೆತ್ತವರು. ಅವರಿಗಾಗಿ ಪದಗಳೇ ಇಲ್ಲದ ಚಿತ್ರ ಪುಸ್ತಕಗಳಿವೆ: ಚಿತ್ರ ನೋಡುತ್ತಾ ತಮ್ಮ ಮನೆಮಾತಿನಲ್ಲೇ ಕಥೆ ಕಟ್ಟಬಹುದು, ‘ಆಮೇಲೆ ಏನಾಯ್ತು?’ ಎಂದು ಮಗುವನ್ನೇ ಕೇಳಬಹುದು. ಇದನ್ನು ಮಾಡಿ ತೋರಿಸಲು ಸಿಬ್ಬಂದಿಗೆ ಹತ್ತು ನಿಮಿಷ ಸಾಕು.